ಹೆಬ್ಬೆರಳಿಗೆ ನೂರಕ್ಕೆ ಮೂವತ್ತು

ಕೆಲಸದಲ್ಲಿ ಗಾಯಗೊಂಡ ಕಾರ್ಮಿಕನಿಗೆ ಎಷ್ಟು ಪರಿಹಾರ ಸಿಗಬೇಕೆಂದು ತೀರ್ಪು ಕೊಡುವವರು ನ್ಯಾಯಪೀಠದಲ್ಲಿ ಕುಳಿತವರು. ಆದರೆ ಆ ತೀರ್ಪಿನ ಅರ್ಧಭಾಗ ಆಸ್ಪತ್ರೆಯ ತುರ್ತು ಚಿಕಿತ್ಸಾ ಕೊಠಡಿಯಲ್ಲಿ, ಗಾಯಕ್ಕೆ ಹೊಲಿಗೆ ಹಾಕುವ ಹೊತ್ತಿನಲ್ಲೇ ಬರೆದಾಗಿರುತ್ತದೆ.

ಹೆಬ್ಬೆರಳು ಪೂರ್ತಿ ಹೋದರೆ ನೂರಕ್ಕೆ 30. ಅದರ ತುದಿಯ ಗಿಣ್ಣು ಮಾತ್ರ ಹೋದರೆ 20. ತೋರುಬೆರಳು ಇಡಿಯಾಗಿ ಹೋದರೆ 14, ನಡುಬೆರಳಿಗೆ 12, ಉಂಗುರ ಬೆರಳಿಗೂ ಕಿರುಬೆರಳಿಗೂ ತಲಾ 7. ಒಂದೇ ಕೈಯ ನಾಲ್ಕು ಬೆರಳು ಹೋದರೆ 50, ಹಸ್ತವೇ ಹೋದರೆ 60. ಇನ್ನೊಂದು ಕಣ್ಣು ಸರಿಯಾಗಿದ್ದು ಒಂದು ಕಣ್ಣನ್ನೇ ಕಳೆದುಕೊಂಡರೆ 40, ಕಣ್ಣು ಉಳಿದು ದೃಷ್ಟಿ ಮಾತ್ರ ಹೋದರೆ 30.

ಓದುವಾಗ ಮೈ ಜುಮ್ಮೆನ್ನಿಸುವ ಈ ಪಟ್ಟಿ ನಮ್ಮ ದೇಶದ ಕಾನೂನಿನ ಪುಸ್ತಕದಲ್ಲಿದೆ. 1923ರಲ್ಲಿ ಬ್ರಿಟಿಷರ ಆಡಳಿತದಲ್ಲಿ ಬಂದು, 1924ರ ಜುಲೈ 1ರಿಂದ ಜಾರಿಯಾದ ಕಾರ್ಮಿಕರ ಪರಿಹಾರ ಕಾಯ್ದೆಯ ಅನುಬಂಧ ಅದು. ಕೆಲಸದಿಂದಾಗಿ, ಕೆಲಸದ ವೇಳೆಯಲ್ಲಿ ಒಬ್ಬನಿಗೆ ಅಪಘಾತವಾದರೆ ಅವನ ಗಳಿಸುವ ಶಕ್ತಿ ಎಷ್ಟು ಕುಂದಿತು ಎಂಬುದರ ಲೆಕ್ಕವೇ ಈ ಶೇಕಡಾವಾರು. ತಪ್ಪು ಮಾಲೀಕನದೋ ಕಾರ್ಮಿಕನದೋ ಎಂಬ ವಿಚಾರಣೆ ಇಲ್ಲಿ ಸಾಮಾನ್ಯವಾಗಿ ಇಲ್ಲ. ಗಾಯವಾಯಿತೇ, ಕೆಲಸದಿಂದಲೇ ಆಯಿತೇ, ಎಷ್ಟು ಆಯಿತು ಎಂಬ ಮೂರೇ ಪ್ರಶ್ನೆಗಳು. ಈ ಮೂರರಲ್ಲಿ ಒಂದನೆಯದಕ್ಕೂ ಮೂರನೆಯದಕ್ಕೂ ಉತ್ತರ ಹೇಳಬೇಕಾದವರು ವೈದ್ಯರು. ಎರಡನೆಯದಕ್ಕೂ ಅವರ ಕೈಬರಹವೇ ಬಹಳ ಸಲ ಮುಖ್ಯ ಸಾಕ್ಷಿ.

ಹಳೆಯ ಕಾಯ್ದೆ 2010ರ ಜನವರಿಯಿಂದ ‘ಉದ್ಯೋಗಿಗಳ ಪರಿಹಾರ ಕಾಯ್ದೆ’ ಎಂಬ ಹೆಸರು ಹೊತ್ತಿತು. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಾಗ ಅದರೊಳಗೆ ಸೇರಿಹೋಯಿತು. ಆ ದಿನಕ್ಕೆ ಮುಂಚಿನ ಅಪಘಾತಗಳ ಅರ್ಜಿಗಳು ಹಳೆಯ ಕಾಯ್ದೆಯ ಪ್ರಕಾರವೇ ನಡೆಯುವಂಥವು. ಆಯುಕ್ತರು ಎಂದಿದ್ದಲ್ಲಿ ಈಗ ‘ಸಕ್ಷಮ ಪ್ರಾಧಿಕಾರ’ ಎಂದಾಗಿದೆ. ಬೆರಳುಗಳ ಪಟ್ಟಿಯಾಗಲೀ ವೈದ್ಯರ ಪಾತ್ರವಾಗಲೀ ಬದಲಾಗಿಲ್ಲವೆಂದೇ ಹೇಳಬೇಕು.

ಲೆಕ್ಕ ಹೇಗೆ?

ಮೂವತ್ತು ವರ್ಷದ ಒಬ್ಬ ಯುವಕ ಪವರ್ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದಾನೆ, ತಿಂಗಳಿಗೆ 12,000 ರೂಪಾಯಿ ಸಂಬಳ ಎಂದಿಟ್ಟುಕೊಳ್ಳಿ. ಬೆಂಗಳೂರಿನ ಪೀಣ್ಯದಂಥ ಪ್ರದೇಶದಲ್ಲಿ ಇಂಥವರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಸಂಬಳದ ನೂರಕ್ಕೆ 60 ಭಾಗ, ಅಂದರೆ 7,200 ರೂಪಾಯಿ. ವಯಸ್ಸಿಗೆ ತಕ್ಕಂತೆ ಕಾನೂನು ಕೊಟ್ಟಿರುವ ಗುಣಕ ಮೂವತ್ತಕ್ಕೆ 207.98. ಎರಡನ್ನೂ ಗುಣಿಸಿದರೆ 14,97,456 ರೂಪಾಯಿ. ಇದು ಅವನು ಪೂರ್ತಿಯಾಗಿ, ಶಾಶ್ವತವಾಗಿ ಕೆಲಸಕ್ಕೆ ಬಾರದವನಾದರೆ ಸಿಗುವ ಮೊತ್ತ. ಹೆಬ್ಬೆರಳು ಮಾತ್ರ ಹೋಗಿದ್ದರೆ ಅದರ ನೂರಕ್ಕೆ 30, ಸುಮಾರು 4,49,000. ತೋರುಬೆರಳಾದರೆ ಸುಮಾರು 2,09,600. ಸಂಬಳ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯುವುದಕ್ಕೆ ಒಂದು ಮಿತಿ ಇತ್ತು. 2010ರಲ್ಲಿ 8,000 ಇದ್ದದ್ದು 2020ರ ಜನವರಿಯಲ್ಲಿ 15,000ಕ್ಕೆ ಏರಿತು.

ವಯಸ್ಸು ಹೆಚ್ಚಿದಂತೆ ಗುಣಕ ಇಳಿಯುತ್ತದೆ. ಹದಿನಾರಕ್ಕೆ 228.54, ನಲವತ್ತಕ್ಕೆ 184.17, ಐವತ್ತಕ್ಕೆ 153.09. ಹುಟ್ಟಿದ ದಿನದ ದಾಖಲೆಯೇ ಇಲ್ಲದ ಕೂಲಿಯವನ ವಯಸ್ಸು ಯಾವುದು? ಆಸ್ಪತ್ರೆಯ ಚೀಟಿಯಲ್ಲಿ ನರ್ಸಮ್ಮ ಅಂದಾಜಿನಿಂದ ಬರೆದುಕೊಂಡ ವಯಸ್ಸೇ ಆಮೇಲೆ ಅವನ ಎದುರಿಗೆ ಬಂದು ನಿಲ್ಲುವುದುಂಟು. ಮೂವತ್ತೆರಡರವನನ್ನು ‘ಸುಮಾರು 40’ ಎಂದು ಬರೆದರೆ ಗುಣಕ 203.85ರಿಂದ 184.17ಕ್ಕೆ ಬೀಳುತ್ತದೆ.

ಈ ಅನುಬಂಧದ ಒಂದೊಂದು ಸಾಲೂ ವೈದ್ಯರ ಕತ್ತರಿ, ಅಳತೆಪಟ್ಟಿ, ಎಕ್ಸ್‌ರೇಗಳ ಮೇಲೆ ನಿಂತಿದೆ. ತೋರುಬೆರಳಿನ ತುದಿ ಕತ್ತರಿಸಿಹೋಗಿ ಮೂಳೆಗೆ ಏನೂ ಆಗದಿದ್ದರೆ 5, ಒಂದು ಗಿಣ್ಣಿನ ಮೂಳೆ ಹೋಗಿದ್ದರೆ 9. ನಮ್ಮ ಮೂವತ್ತು ವರ್ಷದ ಯುವಕನ ಲೆಕ್ಕದಲ್ಲಿ ಇವೆರಡರ ನಡುವಿನ ಅಂತರ ಅರವತ್ತು ಸಾವಿರ ರೂಪಾಯಿಗೆ ಹತ್ತಿರ. ಅದನ್ನು ತೋರಿಸಬಲ್ಲದ್ದು ಗಾಯವಾದ ದಿನ ತೆಗೆದ ಒಂದು ಎಕ್ಸ್‌ರೇ. ‘ತುದಿ ಬೆರಳು ತಾನೇ’ ಎಂದು ಎಕ್ಸ್‌ರೇ ಇಲ್ಲದೆ ಹೊಲಿಗೆ ಹಾಕಿ ಕಳಿಸಿದರೆ ಆಮೇಲೆ ವಾದಕ್ಕೆ ಕೂರಬೇಕು. ತೋಳಿನ ಮಾತೂ ಹಾಗೆಯೇ. ಭುಜದ ಕೀಲಿನಲ್ಲೇ ಕತ್ತರಿಸಿದರೆ 90. ಭುಜದ ತುದಿಯಿಂದ ಉಳಿದ ಮೋಟು 20.32 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ 80. ಅಲ್ಲಿಂದ ಕೆಳಗೆ, ಮೊಣಕೈ ತುದಿಯಿಂದ 11.43 ಸೆಂಟಿಮೀಟರಿನವರೆಗೆ 70. ಅದಕ್ಕೂ ಕೆಳಗಾದರೆ 60. ಈ ವಿಚಿತ್ರ ದಶಾಂಶಗಳು ಹಳೆಯ ಎಂಟು ಇಂಚು, ನಾಲ್ಕೂವರೆ ಇಂಚುಗಳ ಮೆಟ್ರಿಕ್ ರೂಪ. ಶಸ್ತ್ರಚಿಕಿತ್ಸೆಯ ಟಿಪ್ಪಣಿಯಲ್ಲಿ ‘ಮೊಣಕೈ ಕೆಳಗೆ ಕತ್ತರಿಸಲಾಯಿತು’ ಎಂದಷ್ಟೇ ಬರೆದರೆ ಅಳತೆ ಯಾವ ಕಡೆಗೆ ಬೀಳುತ್ತದೋ ದೇವರೇ ಬಲ್ಲ.

ಇನ್ನೊಂದು ಸಂಗತಿ. ಅನುಬಂಧಕ್ಕೆ ಬಲಗೈ, ಎಡಗೈ ಎಂಬ ಭೇದವಿಲ್ಲ. ದುಡಿಯುವವನಿಗೆ ಮಾತ್ರ ಇದೆ. ಅವನು ಬಲಗೈಯವನೋ ಎಡಚನೋ ಎಂಬ ಒಂದು ಪದವನ್ನು ಕೇಸ್ ಶೀಟಿನಲ್ಲಿ ಬರೆದಿಡುವ ವೈದ್ಯರು ಎಷ್ಟು ಮಂದಿ?

‘ಹೇಗಾಯಿತು?’

ಯಾವ ಗಾಯಾಳು ಬಂದರೂ ಕ್ಯಾಷುಯಾಲಿಟಿಯ ವೈದ್ಯರು ಕೇಳುವ ಮೊದಲ ಪ್ರಶ್ನೆ ಇದು. ಉತ್ತರ ಹೇಳುವವರು ಯಾರು? ಗಾಯಾಳು ನೋವಿನಲ್ಲಿ ಅರೆಪ್ರಜ್ಞೆಯಲ್ಲಿರುತ್ತಾನೆ. ಹೊರರಾಜ್ಯದವನಾದರೆ ಕನ್ನಡವೂ ಬಾರದು. ಕರೆತಂದವನು ಮೇಸ್ತ್ರಿ, ಇಲ್ಲವೆ ಗುತ್ತಿಗೆದಾರನ ಕಡೆಯ ಹುಡುಗ. ಆಸ್ಪತ್ರೆಗೆ ಮುಂಗಡ ಕಟ್ಟುವವನೂ ಅವನೇ. ‘ಬೈಕಿನಿಂದ ಬಿದ್ದ ಸಾರ್’, ‘ಮನೆಯಲ್ಲಿ ಮೆಟ್ಟಿಲು ಜಾರಿತು ಸಾರ್’ ಎಂದು ಅವನು ಹೇಳಿದರೆ ವೈದ್ಯರು ಹಾಗೇ ಬರೆದುಕೊಳ್ಳುತ್ತಾರೆ. ಕೆಲಸದ ಜಾಗದ ಅಪಘಾತ ಎಂದರೆ ಪೊಲೀಸರು ಬರುತ್ತಾರೆ, ಇಲಾಖೆಯವರು ಬರುತ್ತಾರೆ ಎಂಬ ಭಯ ಮೇಸ್ತ್ರಿಗೆ. ಬೇಗ ಚಿಕಿತ್ಸೆ ಶುರುವಾದರೆ ಸಾಕೆಂಬ ಆತುರ ಉಳಿದವರಿಗೆ. ಎರಡು ವರ್ಷದ ಮೇಲೆ ಪರಿಹಾರದ ಅರ್ಜಿ ವಿಚಾರಣೆಗೆ ಬಂದಾಗ ವಿಮಾ ಕಂಪನಿಯ ವಕೀಲರು ಮೊಟ್ಟಮೊದಲು ತೆರೆಯುವುದು ಆ ಪುಟವನ್ನೇ. ‘ನೀವೇ ಹೇಳಿದ್ದೀರಲ್ಲ, ಮನೆಯಲ್ಲಿ ಬಿದ್ದೆ ಅಂತ?’

ಅಪಘಾತವಾದ ಕೂಡಲೆ, ಲಾಭನಷ್ಟದ ಯೋಚನೆ ಬರುವ ಮುಂಚೆ ಹೇಳಿದ ಮಾತೆಂದು ನ್ಯಾಯಾಲಯಗಳು ಈ ಮೊದಲ ದಾಖಲೆಗೆ ತೂಕ ಕೊಡುತ್ತವೆ. ಅದು ಸಹಜ. ಹೇಳಿದವರು ಬೇರೆ, ಬರೆಸಿಕೊಂಡವನು ಬೇರೆ ಎಂಬುದು ಆ ಕಾಗದದಲ್ಲಿ ಕಾಣುವುದಿಲ್ಲ, ಅಷ್ಟೆ. ಆದ್ದರಿಂದ ಅನುಭವಿ ವೈದ್ಯರು ಎರಡು ಸಾಲು ಹೆಚ್ಚು ಬರೆಯುತ್ತಾರೆ. ಮಾಹಿತಿ ಕೊಟ್ಟವರು ಯಾರು, ಗಾಯಾಳುವಿಗೆ ಅವರು ಏನಾಗಬೇಕು, ಗಾಯಾಳು ಮಾತಾಡುವ ಸ್ಥಿತಿಯಲ್ಲಿದ್ದನೇ, ಎಲ್ಲಿ, ಎಷ್ಟು ಗಂಟೆಗೆ, ಯಾವ ಯಂತ್ರದಿಂದ. ಪ್ರಜ್ಞೆ ಬಂದ ಮೇಲೆ ಗಾಯಾಳುವನ್ನೇ ಇನ್ನೊಮ್ಮೆ ಕೇಳಿ, ಆ ಉತ್ತರವನ್ನು ತಾರೀಖಿನೊಂದಿಗೆ ಕೆಳಗೆ ಬರೆಯುತ್ತಾರೆ. ಮೊದಲಿನದನ್ನು ಹೊಡೆದುಹಾಕಿ ತಿದ್ದುವುದಿಲ್ಲ, ತಿದ್ದಿದ ಕಾಗದವನ್ನು ಯಾರೂ ನಂಬರು. ಕಾನೂನಿಗೆ ಸಂಬಂಧಿಸಿದ ಪ್ರಕರಣವೆಂದು, ಅಂದರೆ ಎಂ.ಎಲ್.ಸಿ. ಎಂದು ದಾಖಲಿಸಿ ಪೊಲೀಸ್ ಠಾಣೆಗೆ ತಿಳಿಸುತ್ತಾರೆ.

ಗಾಯವನ್ನು ವರ್ಣಿಸುವ ರೀತಿಯೇ ಎಷ್ಟೋ ಸಲ ಸತ್ಯ ಹೇಳಿಬಿಡುತ್ತದೆ. ಪ್ರೆಸ್ಸಿನಲ್ಲಿ ಸಿಕ್ಕ ಬೆರಳು ಜಜ್ಜಿದಂತೆ ಚಪ್ಪಟೆಯಾಗಿರುತ್ತದೆ, ಗರಗಸದ ಗಾಯಕ್ಕೆ ಅಂಚು ಇರುತ್ತದೆ, ಕಬ್ಬಿನ ಗಾಣದ ರೋಲರಿಗೆ ಸಿಕ್ಕ ಕೈಯ ಚರ್ಮ ಕೈಗವಸು ಕಳಚಿದಂತೆ ಸುಲಿದಿರುತ್ತದೆ. ಮೆಟ್ಟಿಲು ಜಾರಿ ಬಿದ್ದವನಿಗೆ ಹೀಗಾಗುವುದಿಲ್ಲ. ಗಾಯದ ಆಕಾರ, ಅಂಚು, ಅದಕ್ಕೆ ಹತ್ತಿದ ಗ್ರೀಸು, ಕಬ್ಬಿಣದ ಪುಡಿ ಇವನ್ನೆಲ್ಲ ಬರೆದಿಟ್ಟ ಒಂದು ಗಾಯದ ಪ್ರಮಾಣಪತ್ರ ಹತ್ತು ಸಾಕ್ಷಿಗಳಿಗೆ ಸಮ.

‘ಬಾಯಿಂದ ಮದ್ಯದ ವಾಸನೆ’ ಎಂಬ ಇನ್ನೊಂದು ಸಾಲಿದೆ. ಇದನ್ನು ಬರೆಯುವುದು ವೈದ್ಯರ ಕರ್ತವ್ಯವೇ, ಇದ್ದುದನ್ನು ಮುಚ್ಚಿಡಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಈ ಮೂರು ಪದಗಳ ಪರಿಣಾಮ ಅವರಿಗೆ ಗೊತ್ತಿರಬೇಕು. ಕುಡಿದ ಅಮಲೇ ನೇರ ಕಾರಣವಾಗಿ ಗಾಯವಾಗಿದ್ದರೆ ಮಾಲೀಕ ಪರಿಹಾರ ಕೊಡಬೇಕಿಲ್ಲ ಎಂದು ಕಾನೂನಿದೆ. ಸಾವು ಅಥವಾ ಪೂರ್ಣ ಶಾಶ್ವತ ಅಶಕ್ತತೆಯಾದರೆ ಮಾತ್ರ ಈ ನೆಪ ನಡೆಯದು. ವಾಸನೆ ಬೇರೆ, ಅಮಲು ಬೇರೆ, ಅಮಲಿನಿಂದಲೇ ಅಪಘಾತವಾಯಿತೆನ್ನುವುದು ಮತ್ತೂ ಬೇರೆ. ಮಾತು ತೊದಲುತ್ತಿತ್ತೇ, ನಡಿಗೆ ತಪ್ಪುತ್ತಿತ್ತೇ, ಕಣ್ಣಪಾಪೆ ಹೇಗಿತ್ತು, ರಕ್ತ ಪರೀಕ್ಷೆಗೆ ಕಳಿಸಲಾಯಿತೇ ಎಂದು ಪೂರ್ತಿ ಬರೆಯದೆ ವಾಸನೆಯನ್ನಷ್ಟೇ ಬರೆದರೆ ಅದು ಅರೆಸತ್ಯವಾಗುತ್ತದೆ.

ಹೊಸ ಸಂಹಿತೆಯಲ್ಲಿ ಇನ್ನೊಂದು ಅಂಶವಿದೆ. ಮನೆಯಿಂದ ಕೆಲಸಕ್ಕೆ ಹೋಗುವಾಗ, ಕೆಲಸದಿಂದ ಮನೆಗೆ ಮರಳುವಾಗ ಆಗುವ ಅಪಘಾತವೂ, ಸಮಯ ಸ್ಥಳ ಸಂದರ್ಭಗಳು ಕೆಲಸದೊಂದಿಗೆ ತಾಳೆಯಾದರೆ, ಕೆಲಸದ ಅಪಘಾತವೇ. ಆದ್ದರಿಂದ ರಸ್ತೆ ಅಪಘಾತದ ಚೀಟಿಯಲ್ಲೂ ‘ಪಾಳಿ ಮುಗಿಸಿ ಮನೆಗೆ ಹೋಗುವಾಗ, ರಾತ್ರಿ 10.30’ ಎಂಬ ನಾಲ್ಕು ಪದಗಳಿಗೆ ಈಗ ಬೆಲೆ ಬಂದಿದೆ.

ಕೈ ಒಂದೇ, ಶೇಕಡಾ ಮೂರು

ಅನುಬಂಧದಲ್ಲಿರುವ ಗಾಯಗಳು ಬೆರಳೆಣಿಕೆಯವು. ಬೆನ್ನುಮೂಳೆ ಮುರಿದರೆ, ಮೊಣಕಾಲು ಮಡಚಲಾಗದೆ ನಿಂತರೆ, ತಲೆಗೆ ಪೆಟ್ಟಾಗಿ ಮರೆವು ಹತ್ತಿದರೆ ಪಟ್ಟಿಯಲ್ಲಿ ಉತ್ತರವಿಲ್ಲ. ಅಂಥ ಕಡೆ ಗಳಿಕೆಯ ಸಾಮರ್ಥ್ಯ ಎಷ್ಟು ಕುಂದಿದೆಯೆಂದು ಅರ್ಹ ವೈದ್ಯರು ಅಂದಾಜು ಮಾಡಬೇಕು, ಹಾಗೆ ಮಾಡುವಾಗ ಪಟ್ಟಿಯಲ್ಲಿನ ಗಾಯಗಳ ಶೇಕಡಾವಾರನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು ಎಂದು ಕಾನೂನು ಹೇಳುತ್ತದೆ. ಪಟ್ಟಿಯಲ್ಲಿರುವ ಅಂಗ ದೇಹದಲ್ಲೇ ಉಳಿದು ಪೂರ್ತಿ ಕೆಲಸಕ್ಕೆ ಬಾರದಾದರೆ, ಅದು ಹೋದದ್ದಕ್ಕೆ ಸಮವೆಂದೂ ಇದೆ.

ಗೊಂದಲ ಶುರುವಾಗುವುದು ಇಲ್ಲಿಂದ. ಎಲುಬು ಕೀಲು ತಜ್ಞರು ಕೀಲು ಎಷ್ಟು ಡಿಗ್ರಿ ಬಾಗುತ್ತದೆಂದು ಗೋನಿಯೊಮೀಟರ್ ಎಂಬ ಕೋನಮಾಪಕ ಹಿಡಿದು ಅಳೆಯುತ್ತಾರೆ, ಸ್ನಾಯುವಿನ ಬಲಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ ಕೊಡುತ್ತಾರೆ. ಕೇಂದ್ರ ಸರ್ಕಾರದ ಅಂಗವೈಕಲ್ಯ ಮಾರ್ಗಸೂಚಿಯ ಸೂತ್ರಕ್ಕೆ ಅವನ್ನು ಹಾಕಿ, ಎಡಗಾಲಿಗೆ ನೂರಕ್ಕೆ 45 ಎಂದು ಬರೆಯುತ್ತಾರೆ. ಇದು ಆ ಕಾಲಿನ ಲೆಕ್ಕ. ಇಡೀ ದೇಹಕ್ಕೆ ಹೋಲಿಸಿದರೆ ಅಂಕಿ ಇದಕ್ಕಿಂತ ಕಡಿಮೆ. ಇವೆರಡೂ ಅಲ್ಲದ ಮೂರನೆಯದೊಂದಿದೆ: ಆ ಕಾಲಿನಿಂದ ಆ ಮನುಷ್ಯ ಮಾಡುತ್ತಿದ್ದ ಕೆಲಸಕ್ಕೆ ಎಷ್ಟು ಕುತ್ತು ಬಂತು ಎಂಬುದು. ಪರಿಹಾರಕ್ಕೆ ಬೇಕಾದದ್ದು ಈ ಮೂರನೆಯದು. ಬಸ್ಸಿನ ರಿಯಾಯಿತಿಗೋ ಮೀಸಲಾತಿಗೋ ಪಡೆದ ಅಂಗವೈಕಲ್ಯದ ಗುರುತಿನ ಚೀಟಿಯಲ್ಲಿರುವುದು ಮೂರನೆಯದಲ್ಲ. ಎಷ್ಟೋ ಕಾರ್ಮಿಕರು ಆ ಚೀಟಿಯನ್ನೇ ಹಿಡಿದು ಬಂದು ನಿರಾಶರಾಗುತ್ತಾರೆ.

ಈ ವ್ಯತ್ಯಾಸವನ್ನು ಸುಪ್ರೀಂ ಕೋರ್ಟು 2010ರ ಅಕ್ಟೋಬರಿನಲ್ಲಿ, ರಾಜ್‌ಕುಮಾರ್ ವಿರುದ್ಧ ಅಜಯ್‌ಕುಮಾರ್ ಎಂಬ ಮೋಟಾರು ಅಪಘಾತದ ಪ್ರಕರಣದಲ್ಲಿ ಬಿಡಿಸಿ ಹೇಳಿತು. ಎಡಗೈ ಕಳೆದುಕೊಂಡ ಚಾಲಕ ಕೆಲಸವನ್ನೇ ಕಳೆದುಕೊಳ್ಳುತ್ತಾನೆ, ಗುಮಾಸ್ತನಾದರೆ ಅದೇ ಸಂಬಳದಲ್ಲಿ ಮುಂದುವರಿಯಬಹುದು. ಗಾಯ ಒಂದೇ, ನಷ್ಟ ಬೇರೆ. ವೈದ್ಯರು ಹೇಳಬೇಕಾದದ್ದು ಅಂಗದ ಸ್ಥಿತಿ, ಗಳಿಕೆಯ ನಷ್ಟವನ್ನು ತೀರ್ಮಾನಿಸುವುದು ನ್ಯಾಯಮಂಡಳಿ ಎಂದು ಆ ತೀರ್ಪು ಗೆರೆ ಎಳೆಯಿತು. ಕಾರ್ಮಿಕರ ಪರಿಹಾರದ ಕಾನೂನಿನಲ್ಲಿ ಮಾತ್ರ ಪಟ್ಟಿಯಿಂದ ಹೊರಗಿನ ಗಾಯಗಳಿಗೆ ಗಳಿಕೆಯ ನಷ್ಟದ ಅಂದಾಜನ್ನೂ ವೈದ್ಯರ ಹೆಗಲಿಗೇ ಹೊರಿಸಿದ್ದಾರೆ. ಅಂದರೆ ಇಲ್ಲಿ ವೈದ್ಯರು ದೇಹವನ್ನು ಓದಿದರೆ ಸಾಲದು, ಕೆಲಸವನ್ನೂ ಓದಬೇಕು. ಗಾರೆ ಕೆಲಸದವನು ಸಾರುವೆಯ ಮೇಲೆ ಹೇಗೆ ನಿಲ್ಲುತ್ತಾನೆ, ಅಡಿಕೆ ಮರ ಹತ್ತುವವನಿಗೆ ಪಾದದ ಹಿಡಿತ ಎಷ್ಟು ಬೇಕು, ಬೀಡಿ ಕಟ್ಟುವಾಕೆಗೆ ಯಾವ ಬೆರಳು ಮುಖ್ಯ ಎಂಬುದನ್ನು ವೈದ್ಯಕೀಯ ಕಾಲೇಜಿನಲ್ಲಿ ಕಲಿಸುವುದಿಲ್ಲ. ಎದುರಿಗೆ ಕೂತವನನ್ನೇ ಕೇಳಿ ತಿಳಿಯಬೇಕು.

ಬಡಗಿಯೊಬ್ಬನ ಕಥೆ ಈ ಕಾನೂನಿನಲ್ಲಿ ಬಹಳ ಪ್ರಸಿದ್ಧ. ಒಡಿಶಾದಲ್ಲಿ ಸಿನಿಮಾ ಮಂದಿರದ ಅಲಂಕಾರದ ಕೆಲಸ ಮಾಡುತ್ತಿದ್ದವನು 1968ರಲ್ಲಿ ಬಿದ್ದು ಎಡಗೈಯನ್ನು ಮೊಣಕೈಯಿಂದ ಮೇಲೆ ಕಳೆದುಕೊಂಡ. ಪಟ್ಟಿಯ ಪ್ರಕಾರ ನೂರಕ್ಕೆ 70 ಎಂಬುದು ಮಾಲೀಕನ ವಾದ. ಒಂದೇ ಕೈಯಿಂದ ಮರಗೆಲಸ ಮಾಡಲು ಸಾಧ್ಯವೇ ಎಂದು ಕೇಳಿದ ಆಯುಕ್ತರು ನೂರಕ್ಕೆ ನೂರು ಕೊಟ್ಟರು. ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಅಪಘಾತದ ಹೊತ್ತಿಗೆ ಯಾವ ಕೆಲಸ ಮಾಡಬಲ್ಲವನಾಗಿದ್ದನೋ ಅದಕ್ಕೆ ಪೂರ್ತಿ ಅಶಕ್ತನಾದರೆ ಅದೇ ಪೂರ್ಣ ಅಶಕ್ತತೆ ಎಂಬುದು ತಾತ್ಪರ್ಯ. ಮೊಣಕಾಲಿನವರೆಗೆ ಬಲಗಾಲು ಹೋದ ಟ್ಯಾಂಕರ್ ಚಾಲಕನೊಬ್ಬನಿಗೂ 2008ರಲ್ಲಿ ಇದೇ ನ್ಯಾಯ ಸಿಕ್ಕಿತು. ಹೈಕೋರ್ಟು ಕಡಿಮೆ ಮಾಡಿದ್ದ ಶೇಕಡಾವನ್ನು ಸುಪ್ರೀಂ ಕೋರ್ಟು ಮತ್ತೆ ನೂರಕ್ಕೆ ಏರಿಸಿತು.

ಸಾಕ್ಷಿಕಟ್ಟೆಯಲ್ಲಿ ವೈದ್ಯರು

ಪ್ರಮಾಣಪತ್ರ ಬರೆದುಕೊಟ್ಟರೆ ಮುಗಿಯಲಿಲ್ಲ. ಅದನ್ನು ಬರೆದವರು ಬಂದು, ಪ್ರಮಾಣ ಮಾಡಿ, ‘ಇದು ನನ್ನ ಸಹಿ’ ಎನ್ನಬೇಕು. ಪಾಟೀ ಸವಾಲಿಗೆ ಉತ್ತರ ಕೊಡಬೇಕು. ಅಲ್ಲಿ ಬರುವ ಪ್ರಶ್ನೆಗಳು ವರ್ಷವರ್ಷವೂ ಹೆಚ್ಚುಕಡಿಮೆ ಅವೇ. ಇವನಿಗೆ ನೀವು ಚಿಕಿತ್ಸೆ ಮಾಡಿದ್ದಿರಾ? ಮಾಡಿಲ್ಲವಾದರೆ ಯಾವ ದಾಖಲೆ ನೋಡಿ ಹೇಳುತ್ತಿದ್ದೀರಿ? ಇತ್ತೀಚಿನ ಎಕ್ಸ್‌ರೇ ತೆಗೆಸಿದಿರಾ? ಮುರಿದ ಮೂಳೆ ಕೂಡಿದೆಯೋ ಇಲ್ಲವೋ? ಯಾವ ಮಾರ್ಗಸೂಚಿ ಅನುಸರಿಸಿದಿರಿ? ಇವನು ಹಗುರವಾದ ಕೆಲಸ ಮಾಡಬಲ್ಲನಲ್ಲವೇ? ಕೊನೆಯದು, ಸಣ್ಣ ನಗುವಿನೊಡನೆ: ಇಂಥ ಸರ್ಟಿಫಿಕೇಟುಗಳನ್ನು ಈ ವರ್ಷ ಎಷ್ಟು ಕೊಟ್ಟಿದ್ದೀರಿ ಡಾಕ್ಟ್ರೇ?

ಆ ಕೊನೆಯ ಪ್ರಶ್ನೆಗೆ ಕಾರಣವಿದೆ. ಚಿಕಿತ್ಸೆ ಕೊಟ್ಟ ವೈದ್ಯರು ಕೋರ್ಟಿಗೆ ಬರಲು ಒಲ್ಲರು. ಹೊರರೋಗಿಗಳ ಸಾಲು ಬಿಟ್ಟು ಬಂದರೆ ಮಧ್ಯಾಹ್ನದವರೆಗೆ ಕಾರಿಡಾರಿನಲ್ಲಿ ಕಾಯಬೇಕು, ಆಮೇಲೆ ‘ಇವತ್ತು ಆಗಲ್ಲ, ಮುಂದಿನ ತಿಂಗಳು ಬನ್ನಿ’ ಎನ್ನುತ್ತಾರೆ. ಸಾಕ್ಷಿ ಬತ್ತೆ ಪೆಟ್ರೋಲಿಗೂ ಸಾಲದು. ಸರ್ಕಾರಿ ವೈದ್ಯರಾದರೆ ಆ ವೇಳೆಗೆ ಬೇರೆ ಜಿಲ್ಲೆಗೆ ವರ್ಗವಾಗಿರುತ್ತಾರೆ. ಈ ತೆರವು ಜಾಗಕ್ಕೆ ಬಂದವರು ಗಾಯಾಳುವನ್ನು ಒಂದೇ ಸಲ ನೋಡಿ, ಕೇಳಿದಷ್ಟು ಶೇಕಡಾ ಬರೆದು, ಕರೆದಾಗ ಬಂದು ಸಾಕ್ಷಿ ಹೇಳುವ ಕೆಲವು ವೈದ್ಯರು. ಚಿಕಿತ್ಸೆ ಮಾಡದೆ, ಸರಿಯಾಗಿ ಪರೀಕ್ಷಿಸದೆ ಕೊಡುವ ಇಂಥ ಸಿದ್ಧ ಪ್ರಮಾಣಪತ್ರಗಳ ಬಗ್ಗೆ ಎಚ್ಚರವಿರಲಿ ಎಂದು ರಾಜ್‌ಕುಮಾರ್ ತೀರ್ಪಿನಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ನನಗನ್ನಿಸುವಂತೆ ಇವರಿಂದ ವಿಮಾ ಕಂಪನಿಗೆ ಆದ ನಷ್ಟಕ್ಕಿಂತ ಪ್ರಾಮಾಣಿಕ ಗಾಯಾಳುವಿಗೆ ಆದ ನಷ್ಟ ದೊಡ್ಡದು. ನೂರಕ್ಕೆ 20 ಇದ್ದದ್ದನ್ನು 50 ಎಂದು ಬರೆದು ಬರೆದು, ನಿಜವಾಗಿಯೂ 50 ಇದ್ದವನ ಕಾಗದ ಬಂದಾಗಲೂ ಅರ್ಧ ಕತ್ತರಿಸುವ ಅಭ್ಯಾಸವಾಗಿಬಿಟ್ಟಿದೆ.

ಸರಿಯಾದ ಅಂದಾಜಿಗೆ ಕಾಲವೂ ಕೂಡಿಬರಬೇಕು. ಪ್ಲಾಸ್ಟರ್ ಬಿಚ್ಚಿದ ವಾರಕ್ಕೇ ಅಳೆದರೆ ಯಾವ ಕೀಲಾದರೂ ಬಿಗಿಯಾಗಿಯೇ ಇರುತ್ತದೆ. ಚಿಕಿತ್ಸೆ, ವ್ಯಾಯಾಮ ಎಲ್ಲ ಮುಗಿದು, ಇನ್ನು ಸುಧಾರಿಸುವುದಿಲ್ಲ ಎಂಬ ಹಂತ ಮುಟ್ಟಿದ ಮೇಲೆ ಮಾಡಿದ ಅಳತೆಯೇ ‘ಶಾಶ್ವತ’ ಎಂಬ ಪದಕ್ಕೆ ತಕ್ಕದ್ದು.

ಸಾಕ್ಷಿಕಟ್ಟೆಯ ಈ ಅರ್ಧ ಗಂಟೆಗೆ ಇಷ್ಟು ಮಹತ್ವ ಏಕೆಂದರೆ, ಮೇಲ್ಮನವಿಗೆ ಇಲ್ಲಿ ಬಾಗಿಲು ಕಿರಿದು. ಗಹನವಾದ ಕಾನೂನಿನ ಪ್ರಶ್ನೆ ಇದ್ದರೆ ಮಾತ್ರ ಹೈಕೋರ್ಟು ಕೈಹಾಕಬಹುದು. ಅಶಕ್ತತೆ ಎಷ್ಟು ಎಂಬಂಥ ಸತ್ಯಾಂಶಗಳಲ್ಲಿ ಆಯುಕ್ತರ ಮಾತೇ ಕೊನೆ ಎಂದು ಸುಪ್ರೀಂ ಕೋರ್ಟು 2016ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು. ಕೆಳಗೆ ವೈದ್ಯರ ಸಾಕ್ಷ್ಯ ಸರಿಯಾಗಿ ದಾಖಲಾದರೆ ಕಾರ್ಮಿಕನಿಗೆ ಅದೇ ಕಾವಲು. ಅಲ್ಲೇ ಹದಗೆಟ್ಟರೆ ಮೇಲೆ ರಿಪೇರಿ ಕಷ್ಟ.

ಮಾಲೀಕನ ಕಡೆಗೂ ವೈದ್ಯರಿದ್ದಾರೆ. ಅಪಘಾತದ ನೋಟಿಸು ತಲುಪಿದ ಮೂರು ದಿನದೊಳಗೆ ತನ್ನ ಖರ್ಚಿನಲ್ಲಿ ಗಾಯಾಳುವನ್ನು ಪರೀಕ್ಷೆ ಮಾಡಿಸುತ್ತೇನೆಂದು ಮಾಲೀಕ ಕೇಳಬಹುದು. ಗಾಯಾಳು ಒಪ್ಪಬೇಕು. ಕಾರಣವಿಲ್ಲದೆ ನಿರಾಕರಿಸಿದರೆ ಅಷ್ಟು ಕಾಲ ಅವನ ಪರಿಹಾರದ ಹಕ್ಕು ಅಮಾನತಿನಲ್ಲಿರುತ್ತದೆ. ಇದು ನ್ಯಾಯವೇ. ದೊಡ್ಡ ಕಾರ್ಖಾನೆಗಳ ಸಂಬಳದ ವೈದ್ಯರ ಪಾಡು ಇದಕ್ಕಿಂತ ಇಕ್ಕಟ್ಟಿನದು. ‘ಹಗುರ ಕೆಲಸಕ್ಕೆ ಅರ್ಹ’ ಎಂದು ಬೇಗ ಬರೆದುಕೊಟ್ಟರೆ ಆಡಳಿತಕ್ಕೆ ಸಂತೋಷ, ತಾತ್ಕಾಲಿಕ ಅಶಕ್ತತೆಯ ಭತ್ಯೆ ಅಂದಿಗೇ ನಿಲ್ಲುತ್ತದೆ. ಆ ಕಾರ್ಖಾನೆಯಲ್ಲಿ ಹಗುರ ಕೆಲಸ ಎಂಬುದೊಂದು ಇದೆಯೇ ಎಂದು ಸಹಿ ಹಾಕುವ ಮುಂಚೆ ಶಾಪ್ ಫ್ಲೋರಿಗೆ ಹೋಗಿ ನೋಡಿ ಬಂದ ವೈದ್ಯರೂ ಇದ್ದಾರೆ.

ಇ.ಎಸ್.ಐ. ವಿಮೆ ಇರುವವರ ದಾರಿ ಬೇರೆ. ಅವರು ಮಾಲೀಕನಿಂದ ಪರಿಹಾರ ಕೇಳುವಂತಿಲ್ಲ. ಗಳಿಕೆ ನಷ್ಟದ ಶೇಕಡಾವನ್ನು ವೈದ್ಯಕೀಯ ಮಂಡಳಿ ನಿರ್ಧರಿಸುತ್ತದೆ, ಅದಕ್ಕೆ ತಕ್ಕಂತೆ ಕಾರ್ಪೊರೇಷನ್ನು ಜೀವನವಿಡೀ ಹಣ ಕೊಡುತ್ತದೆ. ಮಂಡಳಿಯ ಅಂಕಿ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ಅವಕಾಶವಿದೆ.

ರಕ್ತ ಕಾಣದ ಗಾಯ

ಬೆರಳು ಹೋದದ್ದು ಕಣ್ಣಿಗೆ ಕಾಣುತ್ತದೆ. ಶ್ವಾಸಕೋಶ ಹೋದದ್ದು? ಕಾನೂನಿನಲ್ಲಿ ಔದ್ಯೋಗಿಕ ರೋಗಗಳ ಪಟ್ಟಿಯೂ ಇದೆ. ಸೀಸದ ವಿಷ, ಕಲ್ಲುಪುಡಿಯಿಂದ ಬರುವ ಸಿಲಿಕೋಸಿಸ್, ಕಲ್ನಾರಿನ ರೋಗ, ಹತ್ತಿ ಧೂಳಿನ ಕಾಯಿಲೆ, ಗದ್ದಲದಿಂದಾಗುವ ಕಿವುಡು ಎಲ್ಲ ಅದರಲ್ಲಿವೆ, ಇವೂ ಅಪಘಾತದ ಗಾಯಕ್ಕೆ ಸಮ. ಸಿಲಿಕೋಸಿಸ್ ಬಗ್ಗೆ ಭಾರತದಲ್ಲಿ ಮೊದಲು ದೊಡ್ಡ ವರದಿ ಬಂದದ್ದು ನಮ್ಮ ಕೋಲಾರದ ಚಿನ್ನದ ಗಣಿಗಳಿಂದಲೇ, 1947ರಲ್ಲಿ. ಆ ಗಣಿ 2001ರಲ್ಲಿ ಮುಚ್ಚಿತು. ಕಲ್ಲು ಒಡೆಯುವ, ಪುಡಿಮಾಡುವ, ಕೊರೆಯುವ ಕೆಲಸ ಮಾತ್ರ ರಾಜ್ಯದಲ್ಲಿ ನಿಂತಿಲ್ಲ.

ಕೆಮ್ಮು, ತೂಕ ಇಳಿತ, ಎಕ್ಸ್‌ರೇಯಲ್ಲಿ ಕಲೆ. ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಇದಕ್ಕೆ ಮೊದಲು ಬರುವ ಹೆಸರು ಕ್ಷಯ. ಕ್ಷಯವೆಂದು ಬರೆದಾದ ಮೇಲೆ ಅದು ಕೆಲಸದಿಂದ ಬಂದ ರೋಗವೆಂದು ಸಾಧಿಸುವುದು ಬಂಡೆ ಉರುಳಿಸಿದಂತೆ. ಎರಡೂ ಒಟ್ಟಿಗೆ ಇರುವುದೂ ಉಂಟು, ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಸುಲಭವಾಗಿ ಅಂಟುತ್ತದೆ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜಿನಿ 1700ರಲ್ಲಿ ಕುಶಲಕರ್ಮಿಗಳ ರೋಗಗಳ ಮೇಲೆ ಪುಸ್ತಕ ಬರೆದಾಗ, ರೋಗಿಯನ್ನು ಕೇಳುವ ಪ್ರಶ್ನೆಗಳಿಗೆ ‘ನಿನ್ನ ಕಸುಬು ಯಾವುದು’ ಎಂಬುದನ್ನೂ ಸೇರಿಸಬೇಕೆಂದಿದ್ದ. ಮುನ್ನೂರು ವರ್ಷ ದಾಟಿದರೂ ನಮ್ಮ ಹೊರರೋಗಿ ಚೀಟಿಯಲ್ಲಿ ಕಸುಬಿನ ಕಾಲಂ ಇದ್ದರೆ ಅಲ್ಲಿ ‘ಕೂಲಿ’ ಎಂದಿರುತ್ತದೆ. ಯಾವ ಕೂಲಿ? ಕ್ರಷರಿನಲ್ಲೋ ಕಾಫಿ ತೋಟದಲ್ಲೋ? ಎಷ್ಟು ವರ್ಷ?

ಕೆಲಸದ ಜಾಗದಲ್ಲಿ ಹೃದಯಾಘಾತವಾಗಿ ಸತ್ತವರ ಅರ್ಜಿಗಳೂ ಇಲ್ಲೇ ಎಡವುತ್ತವೆ. ಕೆಲಸದಲ್ಲಿದ್ದಾಗ ಸತ್ತ ಎಂದರೆ ಸಾಲದು, ಕೆಲಸದ ಶ್ರಮಕ್ಕೂ ಸಾವಿಗೂ ನಂಟು ತೋರಿಸುವ ಸಾಕ್ಷ್ಯ ಬೇಕೆಂದು ಸುಪ್ರೀಂ ಕೋರ್ಟು 2006ರ ಒಂದು ತೀರ್ಪಿನಲ್ಲಿ ಹೇಳಿದೆ. ಮರಣೋತ್ತರ ಪರೀಕ್ಷೆಯೇ ಆಗದೆ ಅಂತ್ಯಸಂಸ್ಕಾರ ಮುಗಿದಿದ್ದರೆ ಆ ನಂಟನ್ನು ಎಲ್ಲಿಂದ ತರುವುದು?

ಕಾಗದ ಕೇಳಿ ಪಡೆಯಿರಿ

ಗಾಯಾಳುವಿನ ಮನೆಯವರು ಮಾಡಬಹುದಾದ್ದು ಕೆಲವು ಇವೆ. ದಾಖಲಾದ ಚೀಟಿ, ಗಾಯದ ಪ್ರಮಾಣಪತ್ರ, ಎಕ್ಸ್‌ರೇ ಫಿಲ್ಮು, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಡಿಸ್ಚಾರ್ಜ್ ಸಮ್ಮರಿ ಇವುಗಳ ನಕಲು ಕೊಡುವುದು ಆಸ್ಪತ್ರೆಯ ಉಪಕಾರವೇನಲ್ಲ. ವೈದ್ಯರ ನಡತೆಗೆ ಸಂಬಂಧಿಸಿದ 2002ರ ನಿಯಮಗಳ ಪ್ರಕಾರ ರೋಗಿ ಅಥವಾ ಅವನು ಒಪ್ಪಿಸಿದವರು ಕೇಳಿದ 72 ಗಂಟೆಯೊಳಗೆ ಕೊಡಬೇಕು. ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಟ್ಟಿರಬೇಕು. ಪರಿಹಾರ ಕೇಳಲು ಎರಡು ವರ್ಷದ ಗಡುವಿದೆ, ಸಕಾರಣವಿದ್ದರೆ ತಡವನ್ನು ಮನ್ನಿಸುತ್ತಾರೆ. ಪ್ರಕರಣ ಎಳೆದಾಡಿ ವೈದ್ಯರ ಸಾಕ್ಷ್ಯದ ಸರದಿ ಬರುವ ಹೊತ್ತಿಗೆ ಆ ಮೂರು ವರ್ಷ ಕಳೆದು ಆಸ್ಪತ್ರೆಯ ಕಡತ ರದ್ದಿಗೆ ಹೋಗಿರಬಹುದು. ಆದ್ದರಿಂದ ನಕಲನ್ನು ಮನೆಗೆ ಬರುವ ದಿನವೇ ಪಡೆಯಿರಿ.

ಔಷಧಿಯ ರಸೀದಿಗಳನ್ನೂ ಎಸೆಯಬೇಡಿ. ಚಿಕಿತ್ಸೆಗೆ ಆದ ನಿಜ ಖರ್ಚನ್ನು ಮಾಲೀಕನೇ ಭರಿಸಬೇಕೆಂಬ ನಿಯಮ 2010ರಿಂದ ಇದೆ. ಡಿಸ್ಚಾರ್ಜ್ ಸಮ್ಮರಿ ಕೈಗೆ ಬಂದಾಗ ಓದಲು ಬರುವವರೊಬ್ಬರಿಂದ ‘ಹೇಗಾಯಿತು’ ಎಂಬ ಸಾಲನ್ನು ಓದಿಸಿ ಕೇಳಿ. ತಪ್ಪಿದ್ದರೆ ಅಲ್ಲೇ, ಅಂದೇ ವೈದ್ಯರಿಗೆ ಹೇಳಿ, ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕಾರ್ಖಾನೆಯ ಜೀಪು ಹೊರಗೆ ಕಾಯುತ್ತಿದ್ದರೆ ಇನ್ನೂ ಹತ್ತು ನಿಮಿಷ ಕಾಯಲಿ.